ಹಾಸ್ಯಗಾರನ ವೇಷದಲ್ಲಿ ಅರಸ

ಊಟ ತಲುಪಿಸುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಯೊಂದು ‘ಆಗಾಗ ಮನೆ ಊಟವನ್ನೂ ಮಾಡಬೇಕು ಮಾರಾಯ್ರೇ’ ಎಂದರೆ ನಗದವರು ಯಾರು? 2019ರ ಜುಲೈಯಲ್ಲಿ ಜೊಮ್ಯಾಟೊ ಟ್ವಿಟರಿನಲ್ಲಿ ಹೆಚ್ಚುಕಡಿಮೆ ಇದೇ ಅರ್ಥದ ಒಂದು ಸಾಲನ್ನು ಹಿಂದಿಯಲ್ಲಿ ಬರೆಯಿತು. ಅದು ಹಬ್ಬಿದ್ದೇ ತಡ, ಇತರ ಕಂಪನಿಗಳೂ ಅದೇ ಅಚ್ಚಿನಲ್ಲಿ ತಮ್ಮ ತಮ್ಮ ಮಾತು ಎರಕ ಹೊಯ್ದವು. ಅಮೆಜಾನ್ ಪ್ರೈಮ್ ವಿಡಿಯೊ, ಆಗಾಗ ಕೇಬಲ್ ಟಿವಿಯನ್ನೂ ನೋಡಬೇಕು ಎಂದಿತು. ಕೊನೆಗೆ ಜೊಮ್ಯಾಟೊ, ಆಗಾಗ ಸ್ವಂತ ಟ್ವೀಟನ್ನೂ ಯೋಚಿಸಬೇಕು ಎಂದು ಎಲ್ಲರ ಕಾಲೆಳೆದು ಆಟ ಮುಗಿಸಿತು. ಈ ಇಡೀ ಪ್ರಸಂಗದಲ್ಲಿ ಬೆಲೆ, ರಿಯಾಯಿತಿ, ಸರಕಿನ ಗುಣ ಯಾವುದರ ಪ್ರಸ್ತಾಪವೂ ಇರಲಿಲ್ಲ. ಆದರೂ ಹೆಸರುಗಳು ನೆನಪಿನಲ್ಲಿ ಉಳಿದವು. ಡೊಂಬಿವಲಿಯಿಂದ ಬೆಳಗ್ಗೆ ಹೊರಡುವ ಫಾಸ್ಟ್ ಲೋಕಲ್‌ನಲ್ಲಿ ಫೋನು ಹಿಡಿಯುವಷ್ಟೇ ಜಾಗ ಸಿಕ್ಕವರಿಗೂ, ವಾಶಿಯ ಕಚೇರಿಯಲ್ಲಿ ಊಟದ ಹೊತ್ತು ಕಾಯುವವರಿಗೂ ಹೀಗೆ ದಿನಕ್ಕೆ ಹತ್ತಾರು ಚಟಾಕಿಗಳು ಕೇಳದೆಯೇ ಬಂದು ಬೀಳುತ್ತವೆ. ನಾವು ನಗುತ್ತೇವೆ. ಕಂಪನಿಗಳು ಹಾಸ್ಯ ಮಾಡಬಹುದೇ ಎಂಬ ಪ್ರಶ್ನೆಗೆ ಈಗ ಅರ್ಥವಿಲ್ಲ, ಮಾಡುತ್ತಲೇ ಇವೆ. ಆ ಹಾಸ್ಯವನ್ನು ನಾವು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಇದು ಸಾಮಾಜಿಕ ಜಾಲತಾಣ ಹುಟ್ಟಿಸಿದ ಚಾಳಿ ಎನ್ನುವವರು ಮುಂಬಯಿಯ ಇತಿಹಾಸವನ್ನು ಮರೆತಿರುತ್ತಾರೆ. ಏರ್ ಇಂಡಿಯಾದ ಬಾಗಿ ನಿಂತ ಮಹಾರಾಜ 1946ರಲ್ಲಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಅವರ ಕೈಯಲ್ಲಿ ಹುಟ್ಟಿದವನು. ಏಷ್ಯನ್ ಪೇಂಟ್ಸಿನ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದುಕೊಟ್ಟವರು ಮೈಸೂರಿನಿಂದ ಬಂದ ಆರ್. ಕೆ. ಲಕ್ಷ್ಮಣ್, ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದು ಪಳಗಿದ್ದ ಕೈ ಅದು. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಯೂಸ್ಟೇಸ್ ಫರ್ನಾಂಡಿಸ್ ಅಮುಲ್ ಹುಡುಗಿಯನ್ನು ರಸ್ತೆಬದಿಯ ಫಲಕಕ್ಕೆ ಹತ್ತಿಸಿದರು. ಅಂದಿನಿಂದ ಇಂದಿನವರೆಗೆ ಅವಳು ಪೇಟೆಯ ಸುದ್ದಿಗೆ ಬೆಣ್ಣೆ ಸವರುತ್ತಲೇ ಇದ್ದಾಳೆ. ಹಾಗಾದರೆ ಹೊಸತೇನು? ಫಲಕ ಹಾದಿಯಲ್ಲಿ ನಿಂತು ಎಲ್ಲರಿಗೂ ಒಂದೇ ಮಾತು ಹೇಳುತ್ತಿತ್ತು, ಬೇಡವಾದವರು ಮುಖ ತಿರುಗಿಸಿ ಮುಂದೆ ಹೋಗಬಹುದಿತ್ತು. ಫೋನು ಹೆಸರು ಹಿಡಿದು ಕರೆಯುತ್ತದೆ, ಹಸಿವಿನ ಹೊತ್ತು ನೋಡಿ ಕಿವಿಯಲ್ಲಿ ಉಸುರುತ್ತದೆ, ಮಾರುತ್ತರಕ್ಕೆ ಮರುಮಾತು ಕೊಡುತ್ತದೆ. ಫಲಕದ ಹಾಸ್ಯ ಭಾಷಣದಂತಿದ್ದರೆ ಫೋನಿನ ಹಾಸ್ಯ ಸಲುಗೆಯಂತಿದೆ. ನನ್ನ ವಾದ ಹುಟ್ಟುವುದು ಈ ಸಲುಗೆಯಲ್ಲಿ.

ಸಲುಗೆಯ ಹಾಸ್ಯಕ್ಕೆ ನಮ್ಮಲ್ಲಿ ಒಂದು ಹಳೆಯ ಮಾದರಿ ಇದೆ, ಯಕ್ಷಗಾನದ ಹಾಸ್ಯಗಾರ. ಮಳೆಗಾಲದಲ್ಲಿ ಊರಿನ ಆಟಗಳು ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ; ಥಾಣೆ, ಡೊಂಬಿವಲಿ, ನವಿ ಮುಂಬಯಿಯ ಸಭಾಗೃಹಗಳಲ್ಲಿ ಚೆಂಡೆ ಕೇಳಿಸುತ್ತದೆ. ಅಲ್ಲಿ ದೂತನಾಗಿಯೋ ಬಡ ಬ್ರಾಹ್ಮಣನಾಗಿಯೋ ಬರುವ ಹಾಸ್ಯಗಾರನಿಗೆ ಅರಸನನ್ನೇ ಗೇಲಿ ಮಾಡುವ ಅಧಿಕಾರವುಂಟು. ಆ ಅಧಿಕಾರ ಅವನಿಗೆ ಬಂದದ್ದು ಅವನ ಬಳಿ ಬೇರೆ ಯಾವ ಅಧಿಕಾರವೂ ಇಲ್ಲದ್ದರಿಂದ. ಅವನ ನಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮಾತು ಮಿತಿ ಮೀರಿದರೆ ಎದುರಿಗೆ ಕುಳಿತ ಸಭೆ ಅಲ್ಲೇ ತೋರಿಸಿಕೊಡುತ್ತದೆ. ಈಗ ಕಂಪನಿಯ ಖಾತೆಯನ್ನು ನೋಡಿ. ಅದರ ಕೈಯಲ್ಲಿ ಬೆಲೆ ನಿಗದಿ ಮಾಡುವ ಶಕ್ತಿ ಇದೆ, ನಾವು ಎಲ್ಲಿದ್ದೇವೆ, ಏನು ತಿನ್ನುತ್ತೇವೆ ಎಂಬ ಮಾಹಿತಿ ಇದೆ, ವಕೀಲರಿದ್ದಾರೆ, ಬಂಡವಾಳವಿದೆ. ಅದು ಅರಸ. ಆದರೆ ರಂಗಕ್ಕೆ ಬರುವುದು ದೂತನ ವೇಷದಲ್ಲಿ, ನಿಮ್ಮಂತೆ ನಾನೂ ಬಡಪಾಯಿ, ನಿಮ್ಮಂತೆ ನನಗೂ ಸೋಮವಾರ ಬೇಸರ ಎನ್ನುತ್ತ. ವೇಷ ಹಾಕುವುದು ತಪ್ಪಲ್ಲ, ಆಟ ನಡೆಯುವುದೇ ವೇಷದಿಂದ. ಅಹವಾಲು ಹೊತ್ತು ಬಂದವನ ಮುಂದೆಯೂ ಅರಸ ಅದೇ ವೇಷದಲ್ಲಿ ನಿಂತು ‘ನಾನು ಬರೀ ದೂತ, ಒಳಗೆ ಕೇಳಿ ಹೇಳುತ್ತೇನೆ’ ಎಂದರೆ ಆಗ ಮೋಸ. ಆದ್ದರಿಂದ ಕಂಪನಿಯ ಹಾಸ್ಯವನ್ನು ಅದರ ಚುರುಕಿನಿಂದಲ್ಲ, ಅದರ ಹಿಂದಿರುವ ಹೊಣೆಗಾರಿಕೆಯಿಂದ ಅಳೆಯಬೇಕು. ನಗೆಯ ಬೆಲೆಯನ್ನು ಯಾರು ತೆರುತ್ತಾರೆ, ನಗು ನಿಂತ ಮೇಲೆ ಉತ್ತರ ಯಾರು ಕೊಡುತ್ತಾರೆ ಎಂಬುದೇ ತಕ್ಕಡಿ.

ಮೊದಲು ಬೆಲೆಯ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಮೆಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಯಾವುದೋ ಒಂದು ಕಟ್ಟಳೆ ಮುರಿದಂತೆಯೂ ಆಗಬೇಕು, ಅದೇ ಹೊತ್ತಿಗೆ ಅದು ನಿರಪಾಯವೆಂದೂ ಅನಿಸಬೇಕು. ಆಗ ನಗು ಬರುತ್ತದೆ. ನಿರಪಾಯ, ಆದರೆ ಯಾರಿಗೆ? 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ರೆಡ್ ಕಂಪನಿ ರಾಹುಲ್ ದ್ರಾವಿಡ್ ಅವರನ್ನು ಟ್ರಾಫಿಕ್ಕಿನಲ್ಲಿ ಸಿಟ್ಟಿನಿಂದ ಕೂಗಾಡುವ ‘ಇಂದಿರಾನಗರದ ಗೂಂಡಾ’ ಆಗಿ ತೋರಿಸಿದಾಗ ದೇಶವೆಲ್ಲ ನಕ್ಕಿತು. ಅಲ್ಲಿ ಮುರಿದದ್ದು ದ್ರಾವಿಡ್ ಅವರ ಶಾಂತ ಮೂರ್ತಿ, ಮುರಿಯಲು ಒಪ್ಪಿದವರು ಸ್ವತಃ ದ್ರಾವಿಡ್. ಬೆಲೆ ತೆತ್ತವನು ತಾನಾಗಿ ತೆತ್ತ, ಅವನಿಗೆ ಅದರಿಂದ ನಷ್ಟವೂ ಆಗಲಿಲ್ಲ. 2023ರ ಜೂನ್ 5, ವಿಶ್ವ ಪರಿಸರ ದಿನದಂದು ಬಂದ ಜೊಮ್ಯಾಟೊ ಜಾಹೀರಾತನ್ನು ಇದರ ಪಕ್ಕ ಇಟ್ಟು ನೋಡಿ. ‘ಲಗಾನ್’ ಚಿತ್ರದ ದಲಿತ ಪಾತ್ರ ಕಚ್ರಾನನ್ನು ಅದೇ ನಟನಿಂದ ಮಾಡಿಸಿ, ಮರುಬಳಕೆಯ ಕಸದಿಂದ ತಯಾರಾದ ವಸ್ತುಗಳ ರೂಪದಲ್ಲಿ ತೋರಿಸಲಾಗಿತ್ತು. ಹೆಸರಿನ ಮೇಲಿನ ಶ್ಲೇಷೆಯೇ ಅದರ ಹಾಸ್ಯ. ಆದರೆ ಮನುಷ್ಯನಿಗೆ ಕಸವೆಂದು ಹೆಸರಿಟ್ಟ ಕ್ರೌರ್ಯದ ಮೇಲೆ ಕಟ್ಟಿದ ಶ್ಲೇಷೆ ಯಾರಿಗೆ ನಿರಪಾಯ? ಕಂಪನಿ ಜಾಹೀರಾತನ್ನು ಹಿಂತೆಗೆದುಕೊಂಡಿತು, ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗ ನೋಟಿಸನ್ನೂ ಕೊಟ್ಟಿತು. ಉದ್ದೇಶ ಪರಿಸರದ್ದಾಗಿತ್ತು ಎಂಬ ಸಮಜಾಯಿಷಿಯನ್ನು ನಂಬೋಣ. ಕೇಡು ಬಗೆಯದವರ ಕೈಯಿಂದಲೇ ಇಂಥದ್ದು ಆಗುತ್ತದೆ ಎಂಬುದು ಇನ್ನೂ ಯೋಚಿಸಬೇಕಾದ ಸಂಗತಿ. ಬರೆದವರ ಕೋಣೆಯಲ್ಲಿ ಆ ಹೆಸರಿನ ಭಾರ ಹೊತ್ತವರು ಯಾರೂ ಇದ್ದಂತೆ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ನಮ್ಮ ಊರುಗಳಿಗೂ ತರಬಹುದು. ಮುಂಬಯಿಯವರ ಹಾಸ್ಯದಲ್ಲಿ ಥಾಣೆಗೆ ಒಂದು ಸ್ಥಾನ, ಡೊಂಬಿವಲಿ–ಕಲ್ಯಾಣಕ್ಕೆ ಇನ್ನೊಂದು ಸ್ಥಾನ ಮೊದಲಿನಿಂದಲೂ ಇದೆ. ಥಾಣೆಯೆಂದರೆ ಮಾನಸಿಕ ರೋಗಿಗಳ ಆಸ್ಪತ್ರೆ, ಡೊಂಬಿವಲಿಯೆಂದರೆ ದೂರ ಮತ್ತು ನೂಕುನುಗ್ಗಲು, ನವಿ ಮುಂಬಯಿಯೆಂದರೆ ಮುಂಬಯಿಯೇ ಅಲ್ಲ. ಪೇಟೆಯ ಹಾಸ್ಯವೆಲ್ಲ ಜಾಲತಾಣಕ್ಕೆ ಇಳಿದಾಗ ಇವೂ ಇಳಿದವು. ಊರಿನವರು ತಮ್ಮ ಊರನ್ನು ತಾವೇ ಅಣಕಿಸಿಕೊಳ್ಳುವುದರಲ್ಲಿ ಒಂದು ಒಲವಿದೆ. ಆದರೆ ಲೋಕಲ್ ರೈಲಿನ ದಟ್ಟಣೆಯನ್ನು ಸರಕು ಮಾಡಿಕೊಂಡಾಗ ಕೈ ಸ್ವಲ್ಪ ತಡೆಯಬೇಕು. ಫೆವಿಕಾಲ್ ಅಂಟಿನ ಪ್ರಸಿದ್ಧ ಜಾಹೀರಾತೊಂದರಲ್ಲಿ ಬಸ್ಸಿನ ಮೈಮೇಲೆಲ್ಲ ಜನ ಅಂಟಿಕೊಂಡು ಕುಲುಕುತ್ತ ಸಾಗುತ್ತಾರೆ. ಅದು ಚಂದ, ಏಕೆಂದರೆ ಆ ಬಸ್ಸಿನಿಂದ ಯಾರೂ ಬೀಳುವುದಿಲ್ಲ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರು ಸಾಗಿದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಿದ್ದವರು ಬಿದ್ದರು, ಕನಿಷ್ಠ ನಾಲ್ವರು ಸತ್ತರು. ಅದೇ ನೂಕುನುಗ್ಗಲು ಮರುದಿನವೂ ಇತ್ತು. ಈ ದಾರಿಯಲ್ಲಿ ದಿನಾ ಹೋಗುವವರು ಬಾಗಿಲ ಕಂಬ ಹಿಡಿದು ಮಾಡುವ ತಮಾಷೆ ಬದುಕುವ ಉಪಾಯ. ಅದನ್ನೇ ಕಾರಿನಲ್ಲಿ ಕುಳಿತವರ ಕಂಪನಿ ಮಾಡಿದರೆ ಪದ ಒಂದೇ ಇದ್ದರೂ ಅರ್ಥ ಬೇರೆ. ಚಟಾಕಿ, ಕೀಟಲೆ, ಗೇಲಿ, ಲೇವಡಿ, ಕುಹಕ ಎಂದು ಕನ್ನಡ ನಗೆಗೆ ಇಷ್ಟು ಹೆಸರಿಟ್ಟಿದೆ. ಮಾತು ಯಾವುದು ಎಂಬುದಕ್ಕಿಂತ ಆಡಿದವನು ಎಲ್ಲಿ ನಿಂತಿದ್ದ ಎಂಬುದೇ ಹಲವು ಸಲ ಈ ಹೆಸರುಗಳನ್ನು ಬೇರೆ ಮಾಡುತ್ತದೆ.

ಬೆಲೆ ತೆರುವವರು ಕೆಲವೊಮ್ಮೆ ಜಾಹೀರಾತಿನಲ್ಲಿ ಕಾಣಿಸುವುದೇ ಇಲ್ಲ. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ಬೇಲಾಪುರದವರೆಗೆ ಉಡುಪಿ–ದಕ್ಷಿಣ ಕನ್ನಡದವರು ನಡೆಸುವ ಹೋಟೆಲುಗಳು ಎಷ್ಟೋ ಇವೆ. ಅಲ್ಲಿ ಗಲ್ಲಾದ ಹಿಂದೆ ಕುಳಿತ ಧಣಿ ಗಿರಾಕಿಯೊಡನೆ ಆಡುವ ಎರಡು ಮಾತು ವ್ಯಾಪಾರದ ಹಳೆಯ ಬಂಡವಾಳ. ಸಾಂಬಾರು ತಣ್ಣಗಿದ್ದರೆ ಗಿರಾಕಿ ಬೈಯುವುದೂ ಅದೇ ಧಣಿಯನ್ನು. ಅಂದರೆ ನಗೆ ಮತ್ತು ಬೈಗುಳ ಎರಡಕ್ಕೂ ವಿಳಾಸ ಒಂದೇ. ಪಾರ್ಸೆಲ್ ಆ್ಯಪ್‌ಗಳು ಈ ಎರಡನ್ನೂ ಬೇರ್ಪಡಿಸಿದವು. ಸ್ನೇಹ ಆ್ಯಪಿನದು, ಒಲೆ ಹೋಟೆಲಿನದು. 2019ರ ಆಗಸ್ಟಿನಲ್ಲಿ ದೇಶದ ಹಲವು ನಗರಗಳ ರೆಸ್ಟೋರೆಂಟುಗಳು ‘ಲಾಗ್ಔಟ್’ ಎಂಬ ಹೆಸರಿನಲ್ಲಿ ಆ್ಯಪ್‌ಗಳ ರಿಯಾಯಿತಿ ಯೋಜನೆಗಳಿಂದ ಹೊರಬಂದವು. ಊಟದ ದರ ಇಳಿಸಿದ ಹೆಸರು ಆ್ಯಪಿಗೆ, ಇಳಿಸಿದ ಭಾರ ತಮಗೆ ಎಂಬುದು ಅವರ ದೂರು. ಮುಂದೆ ರಾಷ್ಟ್ರೀಯ ರೆಸ್ಟೋರೆಂಟ್ ಸಂಘದ ಅರ್ಜಿಯ ಮೇಲೆ 2022ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಜೊಮ್ಯಾಟೊ ಮತ್ತು ಸ್ವಿಗ್ಗಿಯ ಬಗ್ಗೆ ತನಿಖೆಗೆ ಆದೇಶಿಸಿತು. ಊಟ ತರಿಸಿಕೊಂಡ ಗಿರಾಕಿ ಯಾರೆಂಬ ವಿವರವನ್ನೇ ಹೋಟೆಲಿಗೆ ಕೊಡುವುದಿಲ್ಲ ಎಂಬುದೂ ಹೋಟೆಲಿಗರ ದೂರುಗಳಲ್ಲಿ ಒಂದು. ಹಾಸ್ಯದ ಮಾತಿಗೂ ಈ ದೂರಿಗೂ ಏನು ಸಂಬಂಧ ಎನ್ನಬಹುದು. ಸಂಬಂಧ ಇಲ್ಲಿದೆ: ಗಿರಾಕಿಯನ್ನು ಹೆಸರು ಹಿಡಿದು ಕರೆದು ನಗಿಸಬಲ್ಲವನು ಆ್ಯಪ್ ಮಾತ್ರ, ಆ ಹೆಸರು ಇರುವುದು ಅವನ ಬಳಿ ಮಾತ್ರ. ಸಲುಗೆ ಇಲ್ಲಿ ಬರೀ ಗುಣವಲ್ಲ, ಆಸ್ತಿ. ಆ ಆಸ್ತಿ ಗಲ್ಲಾದಿಂದ ಫೋನಿಗೆ ವರ್ಗವಾಗುವಾಗ ನಾವು ನಗುತ್ತಿದ್ದೆವು.

ಎರಡನೆಯ ಅಳತೆ ಉತ್ತರದ್ದು. ವರ್ತಕ ನಗರದಿಂದ ಪೋಖರಣ್ ರಸ್ತೆ ಹಿಡಿದು ಹೆದ್ದಾರಿಯ ಕಡೆ ಹೋದರೆ ಸಿಗುವ ನಾಲ್ಕು ರಸ್ತೆಯ ಕೂಟಕ್ಕೆ ಜನ ಇಟ್ಟ ಹೆಸರು ಕ್ಯಾಡ್ಬರಿ ಜಂಕ್ಷನ್. ಚಾಕೊಲೇಟ್ ಕಾರ್ಖಾನೆಯೊಂದು ಬಸ್ ಸ್ಟಾಪಿನ ಹೆಸರಾಗುವಷ್ಟು ಊರಿನ ಭಾಗವಾಗಿದೆ. ಕ್ರಿಕೆಟ್ ಮೈದಾನಕ್ಕೆ ನುಗ್ಗಿ ಕುಣಿಯುವ ಹುಡುಗಿಯ ಜಾಹೀರಾತಿನಿಂದ ದೇಶವನ್ನು ನಗಿಸಿದ್ದ ಈ ಕಂಪನಿಗೆ 2003ರ ಅಕ್ಟೋಬರ್‌ನಲ್ಲಿ ಕಷ್ಟದ ದಿನ ಬಂತು. ಡೈರಿ ಮಿಲ್ಕ್‌ನಲ್ಲಿ ಹುಳು ಕಂಡವು ಎಂಬ ದೂರುಗಳು ಮುಂಬಯಿಯಿಂದ ಬಂದವು, ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಕ್ರಮಕ್ಕೆ ಇಳಿಯಿತು. ಅಂಗಡಿಗಳಲ್ಲಿ ಇಟ್ಟ ರೀತಿಯೇ ಕಾರಣ ಎಂದು ಕಂಪನಿ ಮೊದಲು ವಾದಿಸಿತು. ಆದರೆ ಅಲ್ಲಿಗೇ ನಿಲ್ಲದೆ ಕೆಲಕಾಲ ಜಾಹೀರಾತನ್ನು ನಿಲ್ಲಿಸಿತು, ಅಂಗಡಿಯವರಿಗೆ ದಾಸ್ತಾನಿನ ತಿಳಿವಳಿಕೆ ಕೊಡಲು ಹೊರಟಿತು, 2004ರ ಆರಂಭದಲ್ಲಿ ಹೊದಿಕೆಯನ್ನೇ ಬದಲಿಸಿ ಅಮಿತಾಭ್ ಬಚ್ಚನ್ ಅವರ ಗಂಭೀರ ಮಾತಿನೊಡನೆ ಮರಳಿತು. ಹುಳುವಿನ ಮೇಲೆ ಒಂದು ಚಟಾಕಿ ಹಾರಿಸುವುದು ಅಂದೂ ಸಾಧ್ಯವಿತ್ತು. ಹಾರಿಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಯಾವಾಗ ನಗಬಾರದು ಎಂದು ತಿಳಿದವನಿಗೆ ಮಾತ್ರ ನಗಿಸುವ ಹಕ್ಕು. ಇದೇ ತಕ್ಕಡಿಯಲ್ಲಿ ಜೊಮ್ಯಾಟೊಗೆ ಸಲ್ಲಬೇಕಾದ ಮೆಚ್ಚುಗೆಯನ್ನೂ ಸಲ್ಲಿಸಬೇಕು. 2019ರ ಜುಲೈ ಕೊನೆಯಲ್ಲಿ, ಊಟ ತರುವವನು ಹಿಂದೂ ಅಲ್ಲವೆಂದು ಆರ್ಡರ್ ರದ್ದು ಮಾಡಿದ ಗಿರಾಕಿಯೊಬ್ಬನಿಗೆ ಅದೇ ತುಂಟ ಖಾತೆ, ಆಹಾರಕ್ಕೆ ಧರ್ಮವಿಲ್ಲ ಎಂಬ ನೇರ ಉತ್ತರ ಕೊಟ್ಟಿತು. ಅಂದು ಅದು ವೇಷ ಕಳಚಿ ನಿಂತಿತ್ತು. ನಗಿಸುವ ಖಾತೆ ನೆಟ್ಟಗೆ ಮಾತನಾಡಿದ್ದರಿಂದಲೇ ಆ ಮಾತಿಗೆ ತೂಕ ಬಂತು.

ಉತ್ತರ ಕೊಡಬೇಕಾದಲ್ಲಿ ಚಟಾಕಿ ಹಾರಿಸುವುದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕಾನೂನೇ ಗುರುತಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ವ್ಯಾಪಾರದ 13 ಬಗೆಯ ಕುತಂತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಒಂದು, ಬೇಡವೆನ್ನುವ ಗಿರಾಕಿಯನ್ನು ನಾಚಿಸಿ ಒಪ್ಪಿಸುವುದು. ವಿಮಾನದ ಟಿಕೆಟಿನೊಡನೆ ವಿಮೆ ಬೇಡ ಎನ್ನುವವನು ಒತ್ತಬೇಕಾದ ಗುಂಡಿಯ ಮೇಲೆ ‘ನಾನು ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂದು ಬರೆದಿರುವುದನ್ನು ಮಾರ್ಗಸೂಚಿ ಉದಾಹರಣೆಯಾಗಿ ಕೊಡುತ್ತದೆ. ಇದೂ ಒಂದು ಬಗೆಯ ವಿನೋದವೇ, ಬರೆದವನು ತುಟಿಯಂಚಿನಲ್ಲಿ ನಕ್ಕಿರಲೂಬಹುದು. ಆದರೆ ಅದರ ಕೆಲಸ ನಗಿಸುವುದಲ್ಲ, ಕೈ ತಿರುಚುವುದು. ಆ್ಯಪ್ ಅಳಿಸಲು ಹೊರಟಾಗ ಅಳುವ ಮುಖ ತೋರಿಸುವ ಗೊಂಬೆ, ಮೂರು ದಿನ ಏನೂ ಕೊಳ್ಳದಿದ್ದರೆ ‘ನಮ್ಮನ್ನು ಮರೆತಿರಾ’ ಎಂದು ಮುನಿಸು ತೋರುವ ಸಂದೇಶ ಇವೆಲ್ಲ ಅದೇ ಗುಂಡಿಯ ದೂರದ ನೆಂಟರು. ಸ್ನೇಹದ ಮುನಿಸನ್ನು ಸಾಲ ತಂದು ಮಾರಾಟದ ಒತ್ತಡ ಮಾಡುವುದು ಇಲ್ಲಿನ ಕೌಶಲ.

ಈ ತಕ್ಕಡಿಗೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಒಂದು ನಗೆಯನ್ನು ಇಷ್ಟು ಹಿಂಜುವುದೇಕೆ ಎಂಬುದು. ಕಂಪನಿಗಳು ಹಿಂಜುತ್ತವೆ ಎಂಬುದೇ ಉತ್ತರ. ಆ ಒಂದು ಸಾಲಿಗಾಗಿ ತಂಡವಿದೆ, ಸಂಬಳವಿದೆ, ಎಷ್ಟು ಮಂದಿ ನೋಡಿದರು ಎಂಬ ಲೆಕ್ಕವಿದೆ. ಮಾಡುವವರಿಗೆ ಗಂಭೀರವಾದದ್ದು ನೋಡುವವರಿಗೆ ಮಾತ್ರ ಹಗುರವಾಗಿರಬೇಕು ಎನ್ನುವುದು ಯಾವ ನ್ಯಾಯ? ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಹೀಗೆ ತೂಗಲು ಕುಳಿತರೆ ಮನನೊಂದವರ ಗುಂಪು ಎಲ್ಲ ಹಾಸ್ಯವನ್ನೂ ಕೊಲ್ಲುತ್ತದೆ. ಈ ಭಯ ನಿಜ. 2023ರ ಮಾರ್ಚಿನಲ್ಲಿ ಹೋಳಿಯಂದು ಮೊಟ್ಟೆ ಎಸೆದು ಹಾಳುಮಾಡಬೇಡಿ ಎಂಬರ್ಥದ ಸ್ವಿಗ್ಗಿ ಇನ್‌ಸ್ಟಾಮಾರ್ಟ್ ಫಲಕವನ್ನು ಹಬ್ಬಕ್ಕೆ ಅವಮಾನವೆಂದು ಗದ್ದಲ ಎಬ್ಬಿಸಿ ತೆಗೆಸಲಾಯಿತು. ಆ ಫಲಕದಿಂದ ಬಡವನಿಗಾಗಲಿ ದುರ್ಬಲನಿಗಾಗಲಿ ಏನೂ ಆಗಿರಲಿಲ್ಲ. ಕಂಪನಿ ಹಿಂದೆ ಸರಿದದ್ದು ತಪ್ಪು ಒಪ್ಪಿಕೊಂಡಲ್ಲ, ಹೆದರಿ. ಅದೇ ವರ್ಷದ ಕಚ್ರಾ ಪ್ರಸಂಗವನ್ನೂ ಇದನ್ನೂ ಒಂದೇ ಗಂಟಿಗೆ ಕಟ್ಟುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ. ಗದ್ದಲ ಎಷ್ಟು ದೊಡ್ಡದು ಎಂಬುದು ಅಳತೆಯಲ್ಲ. ನೊಂದವನಿಗೆ ತಿರುಗಿ ನಗುವ ಶಕ್ತಿ ಇತ್ತೇ ಎಂಬುದು ಅಳತೆ. ನಾನು ಹೇಳುತ್ತಿರುವ ತಕ್ಕಡಿ ಹಾಸ್ಯವನ್ನು ಕಟ್ಟಿಹಾಕಲು ಎಷ್ಟು ಬೇಕೋ, ಗುಂಪಿನಿಂದ ಕಾಪಾಡಲೂ ಅಷ್ಟೇ ಬೇಕು.

ಮೂರನೆಯ ಆಕ್ಷೇಪಕ್ಕೆ ಉತ್ತರವಿಲ್ಲ, ಒಪ್ಪಿಗೆಯಷ್ಟೇ ಇದೆ. ದೊಡ್ಡ ಫಲಕಕ್ಕೆ ಹಣವಿಲ್ಲದ ಸಣ್ಣ ಅಂಗಡಿಗೆ ಹಾಸ್ಯವೇ ಬಂಡವಾಳ. ಫೋನೊಂದಿದ್ದರೆ ಕಲ್ಯಾಣದ ತಿಂಡಿ ಗಾಡಿಯವನೂ ಊರೆಲ್ಲ ಕೇಳುವಂತೆ ಮಾತನಾಡಬಹುದು. ಇದು ನಿಜ, ಒಳ್ಳೆಯದೂ ಹೌದು. ಮಹಾರಾಷ್ಟ್ರದಲ್ಲಿ ಇದಕ್ಕೆ ಪುಣೇರಿ ಪಾಟಿ ಎಂಬ ಹಳೆಯ ಪರಂಪರೆಯಿದೆ. ಪುಣೆಯ ಅಂಗಡಿ, ಮನೆ, ವಾಡೆಗಳ ಬಾಗಿಲಲ್ಲಿ ತೂಗುವ ಕುಟುಕು ಮಾತಿನ ಬೋರ್ಡುಗಳು ಬಂದ ಗಿರಾಕಿಯನ್ನೇ ಚುಚ್ಚುತ್ತವೆ, ಆದರೂ ಜನ ಅವನ್ನು ಮೆಚ್ಚಿ ಹಂಚಿಕೊಳ್ಳುತ್ತಾರೆ. ಏಕೆಂದರೆ ಆ ಬೋರ್ಡಿನ ಕೆಳಗೇ ಅದನ್ನು ಬರೆಸಿದವನು ಕುಳಿತಿರುತ್ತಾನೆ. ಜಗಳ ಬೇಕಿದ್ದವರು ಅಲ್ಲೇ ಜಗಳವಾಡಬಹುದು. ದೊಡ್ಡವರಿಗೆ ಇದು ಸಾಧ್ಯವಿಲ್ಲ ಎನ್ನುವಂತಿಲ್ಲ. 2015ರ ಡಿಸೆಂಬರ್‌ನಲ್ಲಿ ಟ್ವಿಟರಿಗೆ ಬಂದ ಮುಂಬಯಿ ಪೊಲೀಸರು ಶ್ಲೇಷೆಗಳಿಂದಲೇ ಹೆಸರಾದರು. ಲಾಠಿ ಹಿಡಿದ ಅರಸ ಹಾಸ್ಯಗಾರನಾಗುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಅದು ಸಹ್ಯವಾದದ್ದು ಅದೇ ಖಾತೆಗೆ ದೂರು ಬರೆದವರಿಗೂ ಉತ್ತರ ಸಿಗುವುದರಿಂದ. ಉತ್ತರ ನಿಂತ ದಿನ ಆ ಶ್ಲೇಷೆಗಳು ಅಸಹ್ಯವಾಗುತ್ತವೆ.

ಹಾಸ್ಯ ಗಳಿಸಿಕೊಡುವುದು ಗಮನವನ್ನು, ನಂಬಿಕೆಯನ್ನಲ್ಲ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಸಾಕ್ಷಿ 2023ರ ಏಪ್ರಿಲ್‌ನದು. ಬೆಂಗಳೂರಿಗೆ ತಾಜಾತನದ ಹೊಸ ಅಲೆ ಬರುತ್ತಿದೆ ಎಂದು ಅಮುಲ್ ಉಲ್ಲಾಸದ ದನಿಯಲ್ಲಿ ಒಂದು ಸಾಲು ಟ್ವೀಟ್ ಮಾಡಿತು. ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುದ್ರಿಸಬೇಕೆಂಬ ಆದೇಶದ ವಿರುದ್ಧ ಎದ್ದ ಸಿಟ್ಟು ಇನ್ನೂ ಆರಿರಲಿಲ್ಲ, ವಿಧಾನಸಭೆಯ ಚುನಾವಣೆ ಹೊಸ್ತಿಲಲ್ಲಿತ್ತು. ನಂದಿನಿಯನ್ನು ಉಳಿಸಿ ಎಂಬ ಕೂಗು ರಾಜ್ಯವನ್ನೆಲ್ಲ ಆವರಿಸಿತು, ಬೆಂಗಳೂರಿನ ಹೋಟೆಲ್‌ಗಳ ಸಂಘ ನಂದಿನಿಯ ಪರ ನಿಂತಿತು. ಐವತ್ತು ವರ್ಷಕ್ಕೂ ಮಿಕ್ಕಿ ದೇಶವನ್ನು ನಗಿಸಿದ ಹುಡುಗಿಯ ಮುದ್ದುಮುಖ ಅಂದು ಅಮುಲ್‌ನ ನೆರವಿಗೆ ಬರಲಿಲ್ಲ. ನಂದಿನಿಗೆ ಅಂಥ ಹಾಸ್ಯದ ಪರಂಪರೆಯೇನೂ ಇಲ್ಲ. ಅದರ ಬಳಿ ಇದ್ದದ್ದು ಬೆಳಗ್ಗೆ ಮತ್ತು ಸಂಜೆ ಹಳ್ಳಿಯ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ರೈತರು, ಅವರ ಖಾತೆಗೆ ಬೀಳುವ ಹಾಲಿನ ಹಣ. ವಿವಾದದಲ್ಲಿ ರಾಜಕೀಯ ಇತ್ತು, ಉತ್ಪ್ರೇಕ್ಷೆಯೂ ಇತ್ತು. ಆದರೂ ಕಷ್ಟಕಾಲದಲ್ಲಿ ಜನ ಲೆಕ್ಕ ಹಾಕಿದ್ದು ನಗೆಯನ್ನಲ್ಲ, ಋಣವನ್ನು.

ಹಾಗಾಗಿ ನಾವು ನಗುವುದನ್ನು ನಿಲ್ಲಿಸಬೇಕಿಲ್ಲ, ಕಂಪನಿಗಳು ಮುಖ ಗಂಟಿಕ್ಕಿಕೊಳ್ಳಬೇಕಾಗಿಯೂ ಇಲ್ಲ. ರಾತ್ರಿ ಎಂಟಕ್ಕೆ ಕಲ್ಯಾಣ್ ಲೋಕಲ್‌ನಿಂದ ಇಳಿದವನ ಫೋನು ಮಿಡಿದು, ಇಂದು ಅಡುಗೆಗೆ ರಜೆಯೇ ಎಂದು ಹೆಸರು ಹಿಡಿದು ಕೀಟಲೆ ಮಾಡಿದರೆ ಮಾಡಲಿ. ಒಂಬತ್ತಕ್ಕೆ ಬಂದ ಪೊಟ್ಟಣದಲ್ಲಿ ಅರ್ಧ ಊಟವೇ ಇಲ್ಲದಿದ್ದಾಗ ಅದೇ ಫೋನಿನಲ್ಲಿ ಏನು ಸಿಗುತ್ತದೆ ಎಂದು ನೋಡಿದರೆ ಸಾಕು. ಒಂದರಿಂದ ಐದರವರೆಗೆ ಆಯ್ಕೆಗಳ ಪಟ್ಟಿ, ಯಂತ್ರದ ಕ್ಷಮಾಪಣೆ, ಮುಚ್ಚಿಹೋದ ಮಾತುಕತೆ ಸಿಕ್ಕರೆ ಎಂಟು ಗಂಟೆಯ ನಗೆಗೆ ನಾವು ಕೊಟ್ಟ ಸಲುಗೆಯನ್ನು ಹಿಂದಕ್ಕೆ ಪಡೆಯಬೇಕು. ದೂರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಅದನ್ನು ಬಳಸಬೇಕು. ಆಟದಲ್ಲಿ ದೂತನ ವೇಷ ಯಾರು ಬೇಕಾದರೂ ಹಾಕಬಹುದು. ನಗಿಸುವಾಗ ನಮ್ಮ ಹೆಸರು ಗೊತ್ತಿದ್ದವನಿಗೆ ದೂರು ಕೇಳುವಾಗಲೂ ಗೊತ್ತಿರಬೇಕು, ಅಷ್ಟೇ.